ಪ್ರಿಂಟರಿನ ಮನೆ ನಂಬರು

ಹುಟ್ಟು-ಸಾವಿನ ದಾಖಲೆ ಕಚೇರಿಗೆ ಟೈಪಕ್ಕ ಬಂದು ಇಪ್ಪತ್ತೇಳು ವರ್ಷವಾಗಿತ್ತು. ಸೇರಿದ್ದು ಟೈಪಿಸ್ಟ್ ಆಗಿ. ಟೈಪ್‌ರೈಟರುಗಳು ಗುಜರಿಗೆ ಹೋದವು, ಮೇಜಿನ ಮೇಲೆ ಕಂಪ್ಯೂಟರ್ ಬಂದು ಕೂತಿತು, ಅವಳ ಹುದ್ದೆಯೂ ಹಿರಿಯ ಗುಮಾಸ್ತೆ ಅಂತಾಯಿತು. ಹೆಸರು ಮಾತ್ರ ಅಂಟಿದ್ದು ಬಿಡಲಿಲ್ಲ. ಊರಿನಲ್ಲಿ ಹುಟ್ಟಿದ ಮಗು ಕಾಗದದ ಮೇಲೆ ಹುಟ್ಟಬೇಕಾದರೆ, ಸತ್ತವರು ಕಾಗದದ ಮೇಲೂ ಸಾಯಬೇಕಾದರೆ ಟೈಪಕ್ಕನ ಬೆರಳು ಆಡಬೇಕಿತ್ತು.

ಕಚೇರಿಯ ಮುಖ್ಯಸ್ಥರನ್ನು ಎಲ್ಲರೂ ಎದುರಿಗೆ 'ದೊಡ್ಡವರು' ಅನ್ನುತ್ತಿದ್ದರು. ಬೆನ್ನ ಹಿಂದೆ ಅನ್ನುತ್ತಿದ್ದದ್ದನ್ನು ಇಲ್ಲಿ ಬರೆಯುವುದು ಬೇಡ. ಅವರಿಗೆ ಉಳಿತಾಯದ ಹುಚ್ಚು. ಬಳಸಿದ ಲಕೋಟೆಯನ್ನು ಮಗುಚಿ ಅಂಟಿಸಿ ಇನ್ನೊಂದು ಸಲ ಬಳಸಬೇಕು, ಪೆನ್ಸಿಲ್ಲು ಹೆಬ್ಬೆರಳಿನುದ್ದ ಆಗುವವರೆಗೆ ಹೊಸದು ಕೇಳಬಾರದು. ಗೋಡೆಯಲ್ಲಿದ್ದ ಪ್ರತಿ ಸ್ವಿಚ್ಚಿನ ಪಕ್ಕದಲ್ಲೂ 'ಬಳಕೆಯ ನಂತರ ಆರಿಸಿ' ಅನ್ನುವ ಚೀಟಿ, ಅದರ ಕೆಳಗೆ ಅವರ ಸಹಿ, ಸಹಿಯ ಕೆಳಗೆ ತಾರೀಕು. ಸಂಜೆ ಎಲ್ಲರೂ ಮನೆಗೆ ಹೋದ ಮೇಲೆ ತಾವೇ ಕೋಣೆಯಿಂದ ಕೋಣೆಗೆ ನಡೆದು ಎಲ್ಲ ಸರಿಯಿದೆಯೋ ಅಂತ ನೋಡಿಯೇ ಹೊರಡುತ್ತಿದ್ದರು. ಆಗ ಅವರ ಚೀಲ ಹಿಡಿದುಕೊಂಡು ಹಿಂದೆ ಬರುತ್ತಿದ್ದವನು ಎರಡನೇ ಗುಮಾಸ್ತ. ಅವನನ್ನು ಕಚೇರಿಯವರು ಹೌದಪ್ಪ ಅಂತಿದ್ದರು. ದೊಡ್ಡವರು ಏನು ಹೇಳಿದರೂ 'ಹೌದು ಸಾರ್' ಅನ್ನುವುದು ಅವನ ಅಭ್ಯಾಸ. ಒಮ್ಮೆ ಅವರು ಸೀನಿದಾಗಲೂ ಹೌದು ಸಾರ್ ಅಂದಿದ್ದ ಅಂತ ಸುದ್ದಿ.

ಇಂಥ ಕಚೇರಿಗೆ ಒಂದು ಸೋಮವಾರ ದೊಡ್ಡ ಪ್ರಿಂಟರ್ ಬಂತು. ಐದು ಮೇಜಿನ ಮೇಲಿದ್ದ ಐದು ಚಿಕ್ಕ ಪ್ರಿಂಟರುಗಳನ್ನು ಎತ್ತಿ ಉಗ್ರಾಣಕ್ಕೆ ಹಾಕಿದರು. ಇನ್ನು ಮೇಲೆ ಎಲ್ಲರಿಗೂ ಒಂದೇ, ಎಲ್ಲರ ಕಂಪ್ಯೂಟರಿನಿಂದಲೂ ಕಾಗದ ಅಲ್ಲಿಗೇ ಹೋಗಿ ಬೀಳುತ್ತದೆ ಅಂತ ಮೇಲಿನ ಕಚೇರಿಯ ಆದೇಶ. ಸೊಂಟದೆತ್ತರದ ಯಂತ್ರ. ಸಾರ್ವಜನಿಕರು ಅರ್ಜಿ ಕೊಡುವ ಕಟಕಟೆಯ ಪಕ್ಕದಲ್ಲಿ, ಕಿಟಕಿಯ ಕೆಳಗೆ ಅದನ್ನು ನಿಲ್ಲಿಸಿದರು. ದೊಡ್ಡವರು ರಿಬ್ಬನ್ ಕತ್ತರಿಸಿದರು. ಕತ್ತರಿಸಿದ ರಿಬ್ಬನ್ನನ್ನು ಮಡಿಚಿ ಮುಂದಿನ ಸಮಾರಂಭಕ್ಕೆ ಇರಲಿ ಅಂತ ಡ್ರಾಯರಿನಲ್ಲಿಟ್ಟುಕೊಂಡರು.

ಯಂತ್ರ ಸರಬರಾಜು ಮಾಡಿದವರ ಕಡೆಯಿಂದ ಒಬ್ಬ ಟೆಕ್ನಿಷಿಯನ್ ಬಂದಿದ್ದ. ನಡುವಯಸ್ಸಿನವನು, ಕಿವಿಯಲ್ಲಿ ಸದಾ ಫೋನಿನ ವಯರು. ಯಾರ ಜೊತೆ ಮಾತಾಡುತ್ತಿದ್ದಾನೆ ಅಂತ ಎದುರಿಗಿರುವವರಿಗೆ ಕಡೆಯವರೆಗೂ ಗೊತ್ತಾಗುತ್ತಿರಲಿಲ್ಲ. ಐದೂ ಕಂಪ್ಯೂಟರುಗಳಿಗೆ ಪ್ರಿಂಟರನ್ನು ಪರಿಚಯ ಮಾಡಿಸಿ ಒಂದು ಪರೀಕ್ಷೆಯ ಹಾಳೆ ತೆಗೆದು ತೋರಿಸಿದ. ದೊಡ್ಡವರು ಆ ಹಾಳೆಗೂ ಸಹಿ ಹಾಕಿದರು.

"ಇದರ ಉಸ್ತುವಾರಿ ಯಾರದು?" ಅಂತ ಅವನು ಕೇಳಿದ.

ದೊಡ್ಡವರು ಸುತ್ತ ನೋಡಿದರು. ಹೌದಪ್ಪ ತಲೆ ತಗ್ಗಿಸಿ ಷೂ ಲೇಸು ಕಟ್ಟಿಕೊಳ್ಳತೊಡಗಿದ. ಅವನು ಹಾಕಿದ್ದು ಚಪ್ಪಲಿ.

"ಇವರದು," ಅಂದರು ದೊಡ್ಡವರು, ಟೈಪಕ್ಕನ ಕಡೆ ಕೈ ತೋರಿಸಿ. ಮಧ್ಯಾಹ್ನದೊಳಗೆ ಆದೇಶವೂ ಬಂತು: ಪ್ರಿಂಟರನ್ನು ಸದಾ ಸುಸ್ಥಿತಿಯಲ್ಲಿ ಇಡತಕ್ಕದ್ದು, ತಪ್ಪಿದಲ್ಲಿ ಜವಾಬ್ದಾರಿ ಸದರಿಯವರದೇ. ಜೊತೆಗೆ, ಯಂತ್ರದ ಒಳಗಿನ ವ್ಯವಸ್ಥೆ ಬದಲಾಯಿಸುವ ಪಾಸ್‌ವರ್ಡನ್ನು ಲಕೋಟೆಯಲ್ಲಿ ಹಾಕಿ, ಅರಗು ಒತ್ತಿ, ದೊಡ್ಡವರ ಬೀರುವಿನಲ್ಲಿ ಇಡಲಾಯಿತು. ಹೊಣೆ ಒಬ್ಬರ ತಲೆಗೆ, ಕೀಲಿಕೈ ಇನ್ನೊಬ್ಬರ ಸೊಂಟಕ್ಕೆ. ಕಚೇರಿ ನಡೆಯುವುದೇ ಹಾಗೆ.

ಮಂಗಳವಾರ ಬೆಳಿಗ್ಗೆ ಒಂದು ಹಾಳೆಯೂ ಬರಲಿಲ್ಲ.

ಕಂಪ್ಯೂಟರಿನಲ್ಲಿ 'ಪ್ರಿಂಟರ್ ಸಿಗುತ್ತಿಲ್ಲ' ಅಂತ ಬಂತು. ಟೈಪಕ್ಕ ಎದ್ದು ಹೋಗಿ ನೋಡಿದಳು. ಪ್ರಿಂಟರ್ ಅಲ್ಲೇ ಇತ್ತು. ಹಸಿರು ದೀಪ ಹಚ್ಚಿಕೊಂಡು, ಹಾಲು ಕುಡಿದ ಬೆಕ್ಕಿನ ಹಾಗೆ ತೆಪ್ಪಗೆ ಕೂತಿತ್ತು. ಟೆಕ್ನಿಷಿಯನ್ನಿಗೆ ಫೋನ್ ಮಾಡಿದಳು.

"ಆಫ್ ಮಾಡಿ ಆನ್ ಮಾಡಿ," ಅಂದ ಅವನು.

"ಮಾಡಿದೆ."

"ಇನ್ನೊಂದು ಸಲ ಮಾಡಿ."

ಕಡೆಗೆ ಹನ್ನೆರಡು ಗಂಟೆಗೆ ಅವನೇ ಬಂದ. ಐದೂ ಕಂಪ್ಯೂಟರಿಗೆ ಮತ್ತೆ ಪರಿಚಯ ಮಾಡಿಸಿದ, ಭೇಟಿಯ ಪುಸ್ತಕಕ್ಕೆ ಸಹಿ ಹಾಕಿಸಿಕೊಂಡ, ಹೋದ. ಮಧ್ಯಾಹ್ನವೆಲ್ಲ ಯಂತ್ರ ಸರಾಗವಾಗಿ ಓಡಿತು. ಬುಧವಾರ ಬೆಳಿಗ್ಗೆ ಮತ್ತೆ ಅದೇ ಕತೆ. ಗುರುವಾರವೂ ಅದೇ.

ಕಟಕಟೆಯ ಆಚೆ ಜನ ಬೆಳೆದರು. ಅವರಲ್ಲಿ ದಿನಾ ಮೊದಲು ಬಂದು ಬೆಂಚಿನ ತುದಿಯಲ್ಲಿ ಕೂರುತ್ತಿದ್ದವರು ಒಬ್ಬ ನಿವೃತ್ತ ಮೇಷ್ಟ್ರು. ತೀರಿಹೋದ ಅಣ್ಣನ ಮರಣಪತ್ರ ಅವರಿಗೆ ಬೇಕಿತ್ತು. ಮಧ್ಯಾಹ್ನ ಬರುತ್ತಿದ್ದ ಹಾಳೆಗಳು ಹಳೇ ಬಾಕಿಗೇ ಮುಗಿದುಹೋಗಿ ಅವರ ಸರದಿ ಬರುತ್ತಲೇ ಇರಲಿಲ್ಲ. ನಾಲ್ಕನೇ ದಿನ ಅವರು ಕನ್ನಡಕ ಒರೆಸಿಕೊಳ್ಳುತ್ತ ಟೈಪಕ್ಕನಿಗೆ ಹೇಳಿದರು: "ತಾಯಿ, ಬೇಜಾರು ಮಾಡ್ಕೋಬೇಡಿ. ನಮ್ಮಣ್ಣ ಸಾಯೋಕೇ ಇಷ್ಟು ಹೊತ್ತು ತಗೊಳ್ಳಲಿಲ್ಲ."

ಟೈಪಕ್ಕನಿಗೆ ನಗಬೇಕೋ ಅಳಬೇಕೋ ತಿಳಿಯಲಿಲ್ಲ. ಅವಳ ಮೇಜಿನ ಮೇಲೆ ಅಷ್ಟರಲ್ಲೇ ಎರಡು ಮೆಮೊ ಬಂದು ಬಿದ್ದಿದ್ದವು. ಯಂತ್ರದ ವೈಫಲ್ಯಕ್ಕೆ ಕಾರಣ ಏನು, ಮೂರು ದಿನದೊಳಗೆ ವಿವರಿಸತಕ್ಕದ್ದು ಅಂತ. ಎರಡನೆಯದನ್ನು ದೊಡ್ಡವರು ಕೈಯಲ್ಲೇ ಬರೆದಿದ್ದರು, ಯಾಕೆಂದರೆ ಪ್ರಿಂಟರ್ ಕೆಲಸ ಮಾಡುತ್ತಿರಲಿಲ್ಲ.

ಮನೆಯಲ್ಲಿ ಅವಳ ಗಂಡ ಬಸ್ ಡಿಪೋದ ಮೆಕ್ಯಾನಿಕ್. ಮಾತು ಕಡಿಮೆ. ಊಟಕ್ಕೆ ಕೂತಾಗ ಎಲ್ಲವನ್ನೂ ಕೇಳಿಸಿಕೊಂಡು, "ಏನಾಗಿದೆ ಅಂತ ಆಮೇಲೆ ನೋಡು," ಅಂದ. "ಮೊದಲು ಯಾವಾಗ ನಿಲ್ಲತ್ತೆ, ಯಾವಾಗ ಓಡತ್ತೆ, ಅದನ್ನ ಬರ್ಕೋ. ಕೆಟ್ಟ ಗಾಡಿ ಸುಳ್ಳು ಹೇಳಲ್ಲ. ಡ್ರೈವರ್ ಹೇಳ್ತಾನೆ."

ಅವಳು ಒಂದು ನೋಟ್‌ಬುಕ್ಕಿನಲ್ಲಿ ಬರೆದಿಡತೊಡಗಿದಳು. ಎರಡು ವಾರ ಬರೆದಳು. ಒಮ್ಮೆ ಸರಿಮಾಡಿದರೆ ಸಂಜೆಯವರೆಗೂ ಯಂತ್ರ ಕೈಕೊಡುತ್ತಿರಲಿಲ್ಲ. ಕೈಕೊಡುತ್ತಿದ್ದದ್ದು ಬೆಳಿಗ್ಗೆ ಮಾತ್ರ. ಎರಡನೇ ವಾರ ಎರಡು ದಿನ ದೊಡ್ಡವರು ಮೇಲಿನ ಕಚೇರಿಯ ಸಭೆಗೆ ಹೋಗಿದ್ದರು. ಆ ಎರಡು ರಾತ್ರಿ ಕಳೆದು ಬೆಳಗಾದಾಗ ಪ್ರಿಂಟರ್ ಕೇಳಿದ ಕೂಡಲೇ ಹಾಳೆ ಕೊಟ್ಟಿತು. ಅವರು ವಾಪಸು ಬಂದ ಮಾರನೆಯ ದಿನ ಮತ್ತೆ ಮುಷ್ಕರ. ಟೈಪಕ್ಕ ಆ ಪುಟವನ್ನು ಮೂರು ಸಲ ಓದಿದಳು.

ಅವತ್ತು ಟೆಕ್ನಿಷಿಯನ್ ಬಂದಾಗ ಅವನನ್ನು ಕುರ್ಚಿಯ ಮೇಲೆ ಕೂರಿಸಿ, ಕಾಫಿ ತರಿಸಿ ಕೊಟ್ಟು, ಕಿವಿಯ ವಯರು ತೆಗೆಯಿಸಿ ಕೇಳಿದಳು: "ಸಂಜೆ ಯಾರಾದ್ರೂ ಪ್ಲಗ್ ಕಿತ್ತುಬಿಟ್ರೆ ಏನಾಗತ್ತೆ?"

"ಪ್ರಿಂಟರಿಂದು ಮಾತ್ರನಾ, ಗೋಡೆ ಮೇಲಿರೋ ನೆಟ್‌ವರ್ಕ್ ಡಬ್ಬಿದೂ ಕೀಳ್ತಾರಾ?"

"ಎರಡೂ ಒಂದೇ ಬೋರ್ಡಿನಲ್ಲಿವೆ."

"ಹಾಗಾದ್ರೆ ಅಷ್ಟೇ ಕತೆ," ಅಂದ. "ಪ್ರಿಂಟರಿಗೆ ಒಂದು ನಂಬರ್ ಇರತ್ತೆ, ಮನೆ ನಂಬರ್ ಇದ್ದ ಹಾಗೆ. ಅದನ್ನ ಆ ಡಬ್ಬಿ ಹಂಚತ್ತೆ. ಬೆಳಿಗ್ಗೆ ಯಾರು ಮೊದಲು ಎದ್ದರೆ ಅವರಿಗೆ ಮೊದಲ ನಂಬರ್. ಪ್ರಿಂಟರು ದಿನಾ ಬೇರೆ ಮನೆಗೆ ಹೋಗಿ ಕೂತಿರತ್ತೆ. ನಿಮ್ಮ ಕಂಪ್ಯೂಟರ್‌ಗಳು ನಿನ್ನೆ ಮನೆ ಬಾಗಿಲು ತಟ್ತಾ ಇರ್ತವೆ."

"ಒಂದೇ ಮನೆಯಲ್ಲಿ ಕಾಯಂ ಇರಿಸೋಕೆ ಆಗಲ್ವಾ?"

"ಆಗತ್ತೆ. ಐದು ನಿಮಿಷದ ಕೆಲಸ."

"ಮತ್ತೆ ಮೂರು ವಾರದಿಂದ ಯಾಕೆ ಮಾಡಲಿಲ್ಲ?"

ಅವನು ಕಾಫಿ ಕಪ್ಪಿನ ತಳವನ್ನು ನೋಡಿದ. "ಯಾರೂ ಕೇಳಲಿಲ್ಲ. ನಮಗೂ ಭೇಟಿಗಳು ಇಷ್ಟಾಯ್ತು ಅಂತ ತೋರಿಸಬೇಕಲ್ಲಕ್ಕಾ."

ಈಗಲೇ ಮಾಡಿಕೊಡು ಅಂದಳು. ಅದಕ್ಕೆ ಪಾಸ್‌ವರ್ಡ್ ಬೇಕು ಅಂದ. ಪಾಸ್‌ವರ್ಡ್ ಬೀರುವಿನಲ್ಲಿತ್ತು. ಟೈಪಕ್ಕ ಲಿಖಿತ ಮನವಿ ಕೊಟ್ಟಳು. ದೊಡ್ಡವರು ಅದನ್ನು ಎರಡು ಸಲ ಓದಿ, ಇದು ಸೂಕ್ಷ್ಮ ವಿಷಯ, ಇದಕ್ಕೊಂದು ಸಮಿತಿ ಬೇಕು ಅಂದರು. ಸಮಿತಿಯೂ ಆಯಿತು. ಅಧ್ಯಕ್ಷರು ದೊಡ್ಡವರು, ಸದಸ್ಯ ಹೌದಪ್ಪ, ಹೇಳಿಕೆ ಕೊಡುವವಳು ಟೈಪಕ್ಕ.

ಸಭೆ ದೊಡ್ಡವರ ಕೋಣೆಯಲ್ಲೇ ನಡೆಯಿತು. ಟೈಪಕ್ಕ ನೋಟ್‌ಬುಕ್ ತೆರೆದು ತಾರೀಕುಗಳನ್ನು ಓದಿದಳು, ಕಡೆಗೆ ಹೇಳಿದಳು: "ದಿನಾ ಸಂಜೆ ಯಾರೋ ಆ ಬೋರ್ಡಿನ ಪ್ಲಗ್‌ಗಳನ್ನ ಕೀಳ್ತಾ ಇದಾರೆ ಸಾರ್. ಅದೇ ಕಾರಣ."

ಕುಂಬಳಕಾಯಿ ಕಳ್ಳ ಅಂದರೆ ಹೆಗಲು ಮುಟ್ಟಿ ನೋಡಿಕೊಂಡ ಅನ್ನುತ್ತಾರಲ್ಲ, ದೊಡ್ಡವರು ಹೆಗಲು ಮುಟ್ಟಿಕೊಳ್ಳಲಿಲ್ಲ; ಕೈಬೆರಳುಗಳನ್ನು ಮೇಜಿನ ಕೆಳಗೆ ಇಟ್ಟುಕೊಂಡರು. ಹೌದಪ್ಪ ಅವರ ಮುಖ ನೋಡಿದ, ಅದರಲ್ಲಿ ಏನು ಬೇಕೆಂದು ಓದಿಕೊಂಡ.

"ಯಾರೋ ಹೊರಗಿನವರು ಇರಬೇಕು ಸಾರ್," ಅಂದ.

"ಬೀಗ ಹಾಕಿದ ಕಚೇರಿಗೆ ಬಂದು ಪ್ಲಗ್ ಕಿತ್ತು ಹೋಗೋ ಹೊರಗಿನವರು?" ಅಂತ ಟೈಪಕ್ಕ ಕೇಳಿದಳು.

"ಹೌದು," ಅಂದ ಹೌದಪ್ಪ. ಅಭ್ಯಾಸಬಲ.

ವಿಷಯ ಪರಿಶೀಲನೆಯಲ್ಲಿದೆ, ಅಲ್ಲಿಯವರೆಗೆ ಪಾಸ್‌ವರ್ಡ್ ಲಕೋಟೆಯಲ್ಲೇ ಇರತಕ್ಕದ್ದು, ಟೆಕ್ನಿಷಿಯನ್ನನ್ನೂ ಕರೆಸತಕ್ಕದ್ದಲ್ಲ ಅಂತ ತೀರ್ಮಾನವಾಯಿತು. ಅವತ್ತು ಸಂಜೆಯೂ ಪ್ಲಗ್ಗುಗಳು ಕಿತ್ತುಬಂದವು. ಕೀಳದೆ ಬಿಟ್ಟಿದ್ದರೆ ಇಷ್ಟು ದಿನ ತಾವೇ ಕೀಳುತ್ತಿದ್ದದ್ದು ಅಂತ ದೊಡ್ಡವರು ಒಪ್ಪಿಕೊಂಡ ಹಾಗಾಗುತ್ತಿತ್ತು ನೋಡಿ.

ಮಾರನೆಯ ದಿನ ದೊಡ್ಡವರು ಬಾಗಿಲು ಹಾಕಿಕೊಂಡು ಒಂದೊಂದೇ ಬೆರಳಿನಿಂದ ಏನೋ ಕುಟ್ಟಿದರು. ಇಷ್ಟು ವರ್ಷ ಅವರ ಪತ್ರಗಳನ್ನೆಲ್ಲ ಟೈಪ್ ಮಾಡಿ, ತಿದ್ದಿ ಕೊಡುತ್ತಿದ್ದವಳು ಟೈಪಕ್ಕ. ಈ ಸಲ ಕರೆಯಲಿಲ್ಲ. ಪ್ರಿಂಟ್ ಒತ್ತಿದರು, ಬರಲಿಲ್ಲ. ಮತ್ತೆ ಒತ್ತಿದರು. ಲಿಫ್ಟ್ ಬೇಗ ಬರಲಿ ಅಂತ ಗುಂಡಿ ಒತ್ತುವವರ ಹಾಗೆ ಒತ್ತಿದರು. ಅಷ್ಟರಲ್ಲಿ ಫೋನ್ ಬಂತು, ಎದ್ದು ಹೋದರು, ಆಮೇಲೆ ಅದನ್ನು ಮರೆತರು.

ಟೈಪಕ್ಕ ಪ್ರಿಂಟರನ್ನು ಮರೆತಿರಲಿಲ್ಲ. ಮೂರನೇ ಮೆಮೊ ಬಂದ ದಿನ ಟೆಕ್ನಿಷಿಯನ್ನಿಗೆ ಫೋನ್ ಮಾಡಿ, ಪಾಸ್‌ವರ್ಡ್ ಸಿಗದೆ ಬೇರೆ ದಾರಿಯೇ ಇಲ್ಲವಾ ಅಂತ ಕೇಳಿದಳು.

ಅವನು ದನಿ ತಗ್ಗಿಸಿದ. "ಅಕ್ಕಾ, ನಾನು ಹೇಳಿದೆ ಅನ್ನಬೇಡಿ. ಯಂತ್ರದ ಹಿಂದೆ ಒಂದು ಚೀಟಿ ಅಂಟಿಸಿದೆ. ಅದರಲ್ಲಿರೋದೇ ಪಾಸ್‌ವರ್ಡ್. ಲಕೋಟೆ ಒಳಗೂ ಅದನ್ನೇ ಬರೆದು ಹಾಕಿದ್ದು. ಅದನ್ನ ಬದಲಾಯಿಸೋ ಗೋಜಿಗೆ ಯಾರೂ ಹೋಗಲಿಲ್ಲ."

ಅರಗು ಒತ್ತಿ ಬೀರುವಿನಲ್ಲಿ ಕಾಪಾಡಿದ್ದ ಗುಟ್ಟು ಸಾರ್ವಜನಿಕರ ಕಟಕಟೆಯ ಪಕ್ಕದಲ್ಲಿ, ದಪ್ಪಕ್ಷರದಲ್ಲಿ, ಮೂರು ವಾರದಿಂದ ಎಲ್ಲರ ಕಣ್ಣ ಮುಂದೆಯೇ ಇತ್ತು. ಬಗ್ಗಿ ನೋಡಿದವರು ಮಾತ್ರ ಯಾರೂ ಇರಲಿಲ್ಲ.

ಟೈಪಕ್ಕ ಬಗ್ಗಿದಳು. ಮೊಣಕಾಲು ನೋವಿತ್ತು, ಗೋಡೆ ಹಿಡಿದು ಕೂತಳು, ಚೀಟಿ ಓದಿ ಅಂಗೈ ಮೇಲೆ ಬರೆದುಕೊಂಡಳು. ತಾನು ಮಾಡುತ್ತಿರುವುದು ಸರಿಯಾ ಅಂತ ಒಂದು ಕ್ಷಣ ಅನ್ನಿಸಿತು. ಡ್ರಾಯರಿನಿಂದ ಆದೇಶ ತೆಗೆದು ಇನ್ನೊಮ್ಮೆ ಓದಿದಳು. 'ಸದಾ ಸುಸ್ಥಿತಿಯಲ್ಲಿ ಇಡತಕ್ಕದ್ದು' ಅಂತ ದೊಡ್ಡವರ ಸಹಿಯ ಮೇಲೇ ಇತ್ತು. ಸರಿ, ಆದೇಶ ಪಾಲಿಸೋಣ ಅಂದುಕೊಂಡು ಕಂಪ್ಯೂಟರ್ ಮುಂದೆ ಕೂತಳು. ಟೆಕ್ನಿಷಿಯನ್ ಫೋನಿನಲ್ಲಿ ಹೇಳುತ್ತ ಹೋದ, ಅವಳು ಒತ್ತುತ್ತ ಹೋದಳು. ಡಬ್ಬಿ ಯಾರಿಗೂ ಹಂಚದಷ್ಟು ದೂರದ ಒಂದು ನಂಬರನ್ನು ಆರಿಸಿ ಪ್ರಿಂಟರಿಗೆ ಕಾಯಂ ಮಾಡಿದಳು. ಐದು ನಿಮಿಷ ಅಂದಿದ್ದ. ಅವಳಿಗೆ ಹನ್ನೊಂದು ನಿಮಿಷ ಹಿಡಿಯಿತು.

ಇನ್ನು ಆ ಹೊಸ ನಂಬರನ್ನು ಐದು ಕಂಪ್ಯೂಟರುಗಳಿಗೆ ತಿಳಿಸಬೇಕಿತ್ತು. ತನ್ನದಕ್ಕೆ ಹಾಕಿದ ತಕ್ಷಣ ಪ್ರಿಂಟರ್ ಗುರುಗುಟ್ಟಿ, ಬೆಳಿಗ್ಗೆ ಕಳಿಸಿದ್ದ ಎರಡು ಜನನಪತ್ರಗಳನ್ನು ಉಗುಳಿತು. ಬೆಂಚಿನ ಮೇಲಿದ್ದ ಜನ ಎದ್ದು ನಿಂತರು. ಹೌದಪ್ಪನ ಕಂಪ್ಯೂಟರಿಗೆ ಹಾಕಿದಾಗ ಮೇಷ್ಟ್ರ ಅಣ್ಣನ ಮರಣಪತ್ರ ಬಂತು. ಒಂದಲ್ಲ, ಒಂಬತ್ತು. ಬಾರದಿದ್ದಾಗಲೆಲ್ಲ ಹೌದಪ್ಪ ಒತ್ತುತ್ತಲೇ ಇದ್ದ.

"ನಮ್ಮಣ್ಣ ಬದುಕಿದ್ದಾಗ್ಲೂ ಎಲ್ಲಾನೂ ಅತಿಯಾಗೇ ಮಾಡ್ತಿದ್ದ," ಅಂದರು ಮೇಷ್ಟ್ರು. ಕಟಕಟೆಯ ಪಕ್ಕದ ತಟ್ಟೆಗೆ ಕೈ ಹಾಕಿ ಒಂದೊಂದೇ ಹಾಳೆ ಎತ್ತಿಕೊಳ್ಳತೊಡಗಿದರು.

ಕಡೆಗೆ ಉಳಿದದ್ದು ದೊಡ್ಡವರ ಕಂಪ್ಯೂಟರ್. ಟೈಪಕ್ಕ ಬಾಗಿಲು ತಟ್ಟಿ, "ನಿಮ್ಮದೊಂದು ಬಾಕಿ ಇದೆ ಸಾರ್," ಅಂದಳು. ಹೊರಗಿನ ಯಂತ್ರದ ಸದ್ದು ಕೇಳಿ ಅವರಿಗೆ ಖುಷಿಯಾಗಿತ್ತು. ಬೇಗ ಮಾಡಿ ಅಂತ ಕುರ್ಚಿ ಬಿಟ್ಟುಕೊಟ್ಟರು. ಅವಳು ನಂಬರ್ ಹಾಕಿ ಎದ್ದಳು. ಅವರು ಕೋಟು ಸರಿಮಾಡಿಕೊಂಡು ಹೊರಗೆ ಬಂದು ಜನರ ಮುಂದೆ ನಿಂತರು.

"ನಮ್ಮ ಸಮಿತಿ ಹಗಲಿರುಳು ಶ್ರಮಿಸಿ..." ಅಂತ ಶುರುಮಾಡಿದರು.

ಪ್ರಿಂಟರ್ ಮತ್ತೆ ಗುರುಗುಟ್ಟಿತು. ಹಾಳೆಗಳು ಬರತೊಡಗಿದವು, ಒಂದರ ಮೇಲೊಂದು, ನಿಲ್ಲುವ ಸೂಚನೆಯೇ ಇಲ್ಲ. ಅಣ್ಣನ ಪತ್ರ ಇನ್ನೂ ಬರುತ್ತಿದೆಯೇನೋ ಅಂದುಕೊಂಡ ಮೇಷ್ಟ್ರು ಮೇಲಿನದನ್ನು ಎತ್ತಿಕೊಂಡರು. ಕನ್ನಡಕ ಏರಿಸಿದರು. ನಲವತ್ತು ವರ್ಷ ಪಾಠ ಹೇಳಿದ ಬಾಯಿ. ಮನಸ್ಸಿನಲ್ಲಿ ಓದುವ ಅಭ್ಯಾಸ ಅವರಿಗಿರಲಿಲ್ಲ.

"'ಗೋಪ್ಯ. ಮಾನ್ಯರೇ, ಈ ಕಚೇರಿಯ ಹಿರಿಯ ಗುಮಾಸ್ತೆಗೆ ತಾಂತ್ರಿಕ ಗ್ನಾನವು ಕಿಂಚಿತ್ತೂ ಇರುವುದಿಲ್ಲವಾದ್ದರಿಂದ ಅವರನ್ನು ಹಳೇ ದಾಖಲೆಗಳ ಗೋದಾಮಿಗೆ ವರ್ಗಾಯಿಸಬೇಕೆಂದು ಕೋರುತ್ತೇನೆ.'" ಅಲ್ಲಿಗೆ ನಿಂತರು. "ಗ್ನಾನ. ಗಕಾರಕ್ಕೆ ನ ಒತ್ತು. ಈ ತಪ್ಪನ್ನ ನಾನು ಮೂರನೇ ಕ್ಲಾಸಲ್ಲೇ ಬಿಡಿಸಿಬಿಡ್ತಿದ್ದೆ. ಯಾರು ಬರೆದಿದ್ದು ಇದು?"

ಟೈಪಕ್ಕನ ಕಿವಿ ಬಿಸಿಯಾಯಿತು. ಗೋದಾಮು ಊರಾಚೆ, ಕಿಟಕಿಯಿಲ್ಲದ ಕಟ್ಟಡ, ಅಲ್ಲಿ ಮಾತಾಡಲು ಸಿಗುವುದು ಗೆದ್ದಲು. ಇಷ್ಟು ವರ್ಷ ಈ ಮನುಷ್ಯನ ತಪ್ಪು ವ್ಯಾಕರಣ ಮುಚ್ಚಿಟ್ಟದ್ದಕ್ಕೆ ಇದು ಬಹುಮಾನ ಅನ್ನಿಸಿತು. ಕಣ್ಣು ತುಂಬಲಿಲ್ಲ, ಸಿಟ್ಟು ತುಂಬಿತು.

"ಅದನ್ನ ಕೊಡಿ ಇಲ್ಲಿ," ಅಂತ ದೊಡ್ಡವರು ಕೈ ಚಾಚಿದರು.

"ಇರಿ, ಇನ್ನೊಂದು ವಾಕ್ಯ ಇದೆ," ಅಂದರು ಮೇಷ್ಟ್ರು. ಅರ್ಧ ಓದಿ ಬಿಡುವವರಲ್ಲ. "'ಅಲ್ಲದೆ ಎರಡನೇ ಗುಮಾಸ್ತರು ಪ್ರತಿದಿನ ಸಂಜೆ ಪ್ರಿಂಟರಿನ ಪ್ಲಗ್ಗನ್ನು ಕೀಳುತ್ತಿರುವುದನ್ನು ನಾನು ಕಣ್ಣಾರೆ ಕಂಡಿರುತ್ತೇನೆ.'"

ಮೊಸರು ತಿಂದ ಕೋತಿ ಮೇಕೆಯ ಬಾಯಿಗೆ ಒರೆಸಿತ್ತು. ಮೇಕೆ ತನ್ನ ಮೇಜಿನ ಹಿಂದೆ ನಿಂತಿತ್ತು. ಹೌದಪ್ಪನ ಮುಖದ ಬಣ್ಣ ಇಳಿಯಿತು, ಆಮೇಲೆ ಏರಿತು.

"ನೀವೇ ಅಲ್ವೇನ್ರೀ ಕಿತ್ತಿದ್ದು?" ಅಂತ ದೊಡ್ಡವರು ಅವನ ಕಡೆ ತಿರುಗಿದರು. ಹದಿನಾರು ವರ್ಷದಲ್ಲಿ ಒಮ್ಮೆಯೂ ಕೈಬಿಡದ ಉತ್ತರಕ್ಕಾಗಿ ಕಾದರು.

ಹೌದಪ್ಪನ ಬಾಯಿ ಆ ಪದದ ಆಕಾರಕ್ಕೆ ತೆರೆಯಿತು. ಮುಚ್ಚಿತು. ಮತ್ತೆ ತೆರೆಯಿತು.

"ಇಲ್ಲ ಸಾರ್," ಅಂದ. "ನನ್ನ ಎರಡು ಕೈಯಲ್ಲೂ ನಿಮ್ಮ ಚೀಲ ಇತ್ತು. ಕಿತ್ತಿದ್ದು ನೀವು."

ಬೆಂಚಿನಿಂದ ಯಾರೋ ಕೆಮ್ಮಿದರು. ಇದು ಕರಡು ಮಾತ್ರ, ಕರಡಿಗೆ ಅರ್ಥ ಹಚ್ಚಬಾರದು ಅಂತ ದೊಡ್ಡವರು ಹೇಳಿ, ತಟ್ಟೆಯಲ್ಲಿದ್ದ ಹಾಳೆಗಳನ್ನೆಲ್ಲ ಎದೆಗೆ ಅವುಚಿಕೊಂಡು ಒಳಗೆ ಹೋದರು. ಯಂತ್ರ ಒಟ್ಟು ಹದಿನಾಲ್ಕು ಪ್ರತಿ ಕೊಟ್ಟಿತ್ತು. ಅವರ ಕೈಗೆ ಸಿಕ್ಕದ್ದು ಹದಿಮೂರು. ಹದಿನಾಲ್ಕನೆಯದು ಮೇಷ್ಟ್ರ ಅಣ್ಣನ ಒಂಬತ್ತು ಮರಣಗಳ ಜೊತೆ ಮನೆಗೆ ಹೋಗಿ, ಕೆಂಪು ಶಾಯಿಯಲ್ಲಿ ತಿದ್ದಿಸಿಕೊಂಡು, ಹತ್ತಕ್ಕೆ ಮೂರು ಅಂಕ ಪಡೆದು, ಅಂಚೆಯಲ್ಲಿ ಮೇಲಿನ ಕಚೇರಿ ಸೇರಿತು. "ವಿಳಾಸ ಬರೆದಿತ್ತು, ಹಾಕಿದೆ," ಅಂತ ಅವರು ಆಮೇಲೆ ಟೈಪಕ್ಕನಿಗೆ ಹೇಳಿದರು.

ಮೇಲಿನ ಕಚೇರಿಯವರು ಏನು ಮಾಡಿದರು ಅಂತ ಕೇಳುತ್ತೀರಿ. ಎರಡು ತಿಂಗಳು ಏನೂ ಮಾಡಲಿಲ್ಲ. ಅಷ್ಟರಲ್ಲಿ ಅವರ ಮುಂದೆ ಒಂದು ಪಟ್ಟಿ ಬಂತು. ಎಲ್ಲ ಶಾಖೆಗಳಲ್ಲೂ ಇದೇ ಯಂತ್ರ, ಎಲ್ಲ ಕಡೆಯೂ ಇದೇ ಗೋಳು, ಒಂದು ಶಾಖೆಯಲ್ಲಿ ಮಾತ್ರ ಅರವತ್ತು ದಿನದಿಂದ ಒಂದೂ ದೂರಿಲ್ಲ. ಆ ಶಾಖೆಯ ಮುಖ್ಯಸ್ಥರ ತಾಂತ್ರಿಕ ದೂರದೃಷ್ಟಿಯನ್ನು ಮೆಚ್ಚಿ ಅವರನ್ನು ಮೇಲಿನ ಕಚೇರಿಯ ಯಂತ್ರ ವಿಭಾಗಕ್ಕೆ ಬಡ್ತಿ ಕೊಟ್ಟು ಕರೆಸಿಕೊಂಡರು. ಟೈಪಕ್ಕನ ವರ್ಗಾವಣೆ ಆಗಲಿಲ್ಲ. ಅವಳಿಗೆ ಶಿಕ್ಷೆಯೂ ಇಲ್ಲ, ಹೊಗಳಿಕೆಯೂ ಇಲ್ಲ.

ಹೌದಪ್ಪನ ಕತೆ ಬೇರೆ ದಾರಿ ಹಿಡಿಯಿತು. ಒಮ್ಮೆ ಆ ಪದದ ರುಚಿ ಹತ್ತಿದ ಮೇಲೆ ಅವನಿಗೆ ಬಿಡಲಾಗಲಿಲ್ಲ. ಹೊಸ ಮುಖ್ಯಸ್ಥರಿಗೂ ಇಲ್ಲ, ಕಟಕಟೆಗೆ ಬಂದವರಿಗೂ ಇಲ್ಲ. ಅರ್ಜಿ ಇದೆಯಾ ಅಂದರೆ ಇಲ್ಲ, ಪೆನ್ನಿದೆಯಾ ಅಂದರೆ ಜೇಬಿನಲ್ಲೇ ಪೆನ್ನಿದ್ದರೂ ಇಲ್ಲ. ಹಳೇ ಹೌದಪ್ಪನೇ ವಾಸಿಯಾಗಿದ್ದ ಅಂತ ಜನ ಗೊಣಗಿದರು.

ಯಂತ್ರ ವಿಭಾಗಕ್ಕೆ ಹೋದ ತಿಂಗಳಿಗೆ ದೊಡ್ಡವರು ಟೈಪಕ್ಕನಿಗೆ ಫೋನ್ ಮಾಡಿದರು. ದನಿಯಲ್ಲಿ ಜೇನು. ಎಲ್ಲ ನಲವತ್ತು ಶಾಖೆಗಳಿಗೆ ಪ್ರಿಂಟರ್ ಬಗ್ಗೆ ಒಂದು ಕೈಪಿಡಿ ಕಳಿಸಬೇಕು, ಅವಳು ಸ್ವಲ್ಪ ಬರೆದುಕೊಟ್ಟರೆ ತಾವು ಉಳಿದದ್ದನ್ನು ನೋಡಿಕೊಳ್ಳುತ್ತೇವೆ ಅಂದರು. ಉಳಿದದ್ದು ಅಂದರೆ ಸಹಿ.

"ಬರೆದುಕೊಡಬೇಡ," ಅಂದ ಗಂಡ.

"ಬರೆದುಕೊಡ್ತೀನಿ," ಅಂದಳು. "ಅಲ್ಲಿ ಕಾಯ್ತಾ ಕೂತಿರೋ ಜನ ಏನು ಪಾಪ ಮಾಡಿದಾರೆ?"

ಎಂಟು ಪುಟ ಬರೆದಳು. ಮನೆ ನಂಬರಿನ ವಿಷಯ, ಹಿಂದಿನ ಚೀಟಿಯ ವಿಷಯ, ಹಾಳೆ ಬಾರದಿದ್ದರೆ ಮತ್ತೆ ಮತ್ತೆ ಒತ್ತಬಾರದು ಅನ್ನುವ ವಿಷಯ, ಎಲ್ಲ ಬಿಡಿಸಿ ಬರೆದಳು. ಕಡೆಯಲ್ಲಿ ಪ್ರತಿ ಪುಟದ ಅಡಿಯಲ್ಲೂ ತಾನಾಗಿ ಬಂದು ಕೂರುವ ಹಾಗೆ ಒಂದು ಸಾಲು ಸೇರಿಸಿದಳು: ತನ್ನ ಪೂರ್ತಿ ಹೆಸರು, ಹುದ್ದೆ, ಕಚೇರಿಯ ಫೋನ್ ನಂಬರು. ದೊಡ್ಡವರು ಆ ಸಾಲನ್ನು ಅಳಿಸಲು ಒಂದು ಮಧ್ಯಾಹ್ನವಿಡೀ ಹೆಣಗಾಡಿದರಂತೆ. ಒಂದು ಪುಟದಲ್ಲಿ ಒರೆಸಿದರೆ ಪಕ್ಕದ ಪುಟದಿಂದ ಇಣುಕುತ್ತಿತ್ತಂತೆ. ಹೊಸ ಕಚೇರಿಯಲ್ಲಿ ಇದನ್ನು ಯಾರನ್ನಾದರೂ ಕೇಳೋಣವೆಂದರೆ ತಾವೇ ಯಂತ್ರ ವಿಭಾಗದ ಮುಖ್ಯಸ್ಥರು. ಕೈಪಿಡಿ ಹಾಗೆಯೇ ನಲವತ್ತು ಶಾಖೆಗಳಿಗೂ ಹೋಯಿತು.

ಮುಂದಿನ ಸೋಮವಾರ ಬೆಳಿಗ್ಗೆ ಟೈಪಕ್ಕನ ಮೇಜಿನ ಫೋನ್ ಬಡಿಯಿತು. ಎಲ್ಲೋ ದೂರದ ಶಾಖೆಯ ಗುಮಾಸ್ತೆ, ದನಿಯಲ್ಲಿ ಗಾಬರಿ. ಅವಳ ಹಿಂದೆ ಜನರ ಗದ್ದಲ ಕೇಳುತ್ತಿತ್ತು.

"ಪುಟದ ಕೆಳಗೆ ನಿಮ್ಮ ಹೆಸರಿತ್ತು ಮೇಡಂ, ಅದಕ್ಕೆ ಮಾಡಿದೆ. ಇಲ್ಲಿ ನಮ್ಮ ಸಾಹೇಬರು ಯಂತ್ರ ಮುಟ್ಟಬೇಡಿ ಅಂತಿದಾರೆ."

"ಅವರು ಈಗ ಎಲ್ಲಿದಾರೆ?"

"ಕಾಫಿಗೆ ಹೋಗಿದಾರೆ."

"ಹಾಗಿದ್ರೆ ಹತ್ತು ನಿಮಿಷ ಇದೆ," ಅಂದಳು ಟೈಪಕ್ಕ, ಕುರ್ಚಿ ಎಳೆದುಕೊಂಡು. "ಪೆನ್ನು ತಗೊಳ್ಳಿ, ಯಂತ್ರದ ಹಿಂದಕ್ಕೆ ಹೋಗಿ."